ಟೆಕ್ಸಾಸ್ ಕೌಂಟಿ ಅರೆಸ್ಟ್ ರೆಕಾರ್ಡ್ ಓದೋದು ಹೇಗೆ? ಗಂಡಿನ ಹೆಸರು ಸಿಕ್ಕಿದೆ, ಅರ್ಥ ಆಗ್ತಿಲ್ಲ

ತುಮಕೂರು_ಅಣ್ಣ:
ನಮಸ್ಕಾರ ಎಲ್ರಿಗೂ. ತಂಗಿಗೆ ಸಂಬಂಧ ನೋಡ್ತಿದೀವಿ, ಹುಡುಗ ಡಲ್ಲಾಸ್ ಹತ್ರ ಫ್ರಿಸ್ಕೋದಲ್ಲಿ ಸಾಫ್ಟ್‌ವೇರ್ ಕೆಲಸ, ಜಾತಕ ಕೂಡಿಬಂದಿದೆ, ಇಬ್ರೂ ವಿಡಿಯೋ ಕಾಲಲ್ಲಿ ಮಾತಾಡಿ ಒಪ್ಕೊಂಡಿದಾರೆ, ಇನ್ನೇನು ತಾಂಬೂಲ ಬದಲಾಯಿಸ್ಕೋಬೇಕು ಅನ್ನೋ ಹೊತ್ತಿಗೆ ನಮ್ಮ ಸೋದರಮಾವ ಹುಡುಗನ ಹೆಸರು ಗೂಗಲ್ ಮಾಡಿ ಒಂದು ಸ್ಕ್ರೀನ್‌ಶಾಟ್ ತಂದು ಫ್ಯಾಮಿಲಿ ಗ್ರೂಪಿಗೆ ಹಾಕ್ಬಿಟ್ರು. ಯಾವುದೋ ಖಾಸಗಿ ಸೈಟು. ಕೆಂಪಕ್ಷರದಲ್ಲಿ ಅರೆಸ್ಟ್ ರೆಕಾರ್ಡ್ ಇದೆ ಅಂತ ಬರ್ದಿದೆ, ಕೆಳಗೆ ಡೆಂಟನ್ ಕೌಂಟಿ (ನಮ್ಮ ಜಿಲ್ಲೆ ಥರ), 11/06/2022, ಡಿಡಬ್ಲ್ಯುಐ (ಕುಡಿದು ಗಾಡಿ ಓಡ್ಸಿದ್ದು), ಬಾಂಡ್ 1,000 ಡಾಲರ್. ಪೂರ್ತಿ ರಿಪೋರ್ಟ್ ಬೇಕಂದ್ರೆ ಕಾರ್ಡ್ ನಂಬರ್ ಕೊಡಿ ಅಂತಿದೆ.

ಮಾವ ಆಗ್ಲೇ ತೀರ್ಪು ಕೊಟ್ಟಾಗಿದೆ, ಕುಡುಕ, ಜೈಲಿಗೆ ಹೋಗಿಬಂದವನು, ಸಾವಿರ ಡಾಲರ್ ದಂಡ ಕಟ್ಟಿದಾನೆ ಅಂತ. ನನಗೆ ಎರಡು ಡೌಟು. ಫ್ರಿಸ್ಕೋ ಇರೋದು ಕಾಲಿನ್ ಕೌಂಟೀಲಿ ಅಂತ ಅಲ್ಲಿರೋ ಫ್ರೆಂಡ್ ಹೇಳ್ದ, ಇದು ಡೆಂಟನ್. ಆಮೇಲೆ 2022 ಜೂನ್‌ನಲ್ಲಿ ಹುಡುಗ ಅವರಕ್ಕನ ಮದುವೆಗೆ ಇಲ್ಲೇ ಊರಲ್ಲಿದ್ದ, ಫೋಟೋ ನಾವೇ ನೋಡಿದೀವಿ. ಹಾಗಾದ್ರೆ ಇದು ಬೇರೆ ಯಾರೋ ಇರ್ಬಹುದಲ್ವಾ? ದುಡ್ಡು ಕಟ್ಟಿ ರಿಪೋರ್ಟ್ ತಗೊಳ್ಲಾ? ಗೊತ್ತಿರೋರು ಹೇಳಿ ಪ್ಲೀಸ್. ಹುಡುಗನ ಹೆಸರು ಇಲ್ಲಿ ಹಾಕಲ್ಲ, ಕೇಳ್ಬೇಡಿ.

ಪ್ಲೇನೋ_ಪುಟ್ಟಸ್ವಾಮಿ:
ಮೊದ್ಲು ಆ ಸೈಟಿಗೆ ಒಂದು ಪೈಸೆನೂ ಕಟ್ಬೇಡಿ. ಅವರು ಮಾರೋದು ಕೌಂಟಿಯವರು ಪುಕ್ಕಟೆ ತೋರ್ಸೋ ಮಾಹಿತಿನೇ, ಅದೂ ಯಾವಾಗ್ಲೋ ಒಂದ್ಸಲ ಎತ್ಕೊಂಡು ಹೋಗಿ ಇಟ್ಕೊಂಡಿರೋದು, ಆಮೇಲೆ ಕೇಸ್ ಏನಾಯ್ತು ಅಂತ ಅವರು ತಿರುಗಿ ನೋಡಿರಲ್ಲ. ಆ ಪೇಜಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇದನ್ನ ಕೆಲಸಕ್ಕೆ ಬಾಡಿಗೆಗೆ ಬಳಸೋ ಹಾಗಿಲ್ಲ ಅಂತ ಅವರೇ ಬರ್ಕೊಂಡಿರ್ತಾರೆ ನೋಡಿ.

ನಿಮ್ಮ ಎರಡೂ ಡೌಟಿಗೆ ಉತ್ತರ ಇದೆ, ಕೇಳೋಕೆ ಇಷ್ಟ ಆಗ್ಲಿಕ್ಕಿಲ್ಲ. ಫ್ರಿಸ್ಕೋ ಊರು ಕಾಲಿನ್ ಮತ್ತೆ ಡೆಂಟನ್ ಎರಡೂ ಕೌಂಟಿಗೆ ಹರಡ್ಕೊಂಡಿದೆ. ಕ್ಯಾರೊಲ್ಟನ್ ಮೂರು ಕೌಂಟೀಲಿದೆ, ಡಲ್ಲಾಸ್ ಸಿಟಿ ಐದ್ರಲ್ಲಿ. ಕೇಸ್ ಬೀಳೋದು ಘಟನೆ ನಡೆದ ಕೌಂಟೀಲಿ, ಮನೆ ಎಲ್ಲಿದೆ ಅನ್ನೋದು ಲೆಕ್ಕಕ್ಕಿಲ್ಲ. ಎರಡನೇದು, ಇಲ್ಲಿ ತಿಂಗಳು ಮೊದ್ಲು ಬರೀತಾರೆ, 11/06 ಅಂದ್ರೆ ಜೂನ್ 11 ಅಲ್ಲ, ನವೆಂಬರ್ 6. ಕ್ಯಾಲೆಂಡರ್ ನೋಡಿದ್ರೆ ಅದು ಭಾನುವಾರ, ಅಂದ್ರೆ ಶನಿವಾರ ರಾತ್ರಿ ಪಾರ್ಟಿ ಮುಗಿದ ಹೊತ್ತು.

ತುಮಕೂರು_ಅಣ್ಣ:
ಅಯ್ಯೋ. ಮಾವನಿಗೆ ಇದನ್ನ ಹೇಳಲ್ಲ ಸದ್ಯಕ್ಕೆ.

ರೊಟ್ಟಿ_ಶೇಂಗಾಚಟ್ನಿ:
ಅಲ್ರೀ ಅಣ್ಣಾರ, ಹುಡುಗನ್ನ ಒಂದ್ ಮಾತು ಕೇಳೂದು ಬಿಟ್ಟು ಊರ ಮಂದೀನೆಲ್ಲಾ ಯಾಕ ಕೇಳಾಕತ್ತೀರಿ? ನಾಳೆ ಮದ್ವಿ ಆದ್ರ ಇದs ಮಾತು ಹುಡುಗನ ಕಿವಿಗೆ ಬಿದ್ರ ಏನಂತಾನ? ನಮ್ಮ ಕಡೆ ಹಿಂಗ ಕದ್ದು ನೋಡೂದಕ್ಕ ಮರ್ಯಾದಿ ಅನ್ನೂದಿಲ್ಲ.

ವಕೀಲರ_ಮಗಳು:
ಕದ್ದು ನೋಡೋದೇನೂ ಇಲ್ಲ ಇದ್ರಲ್ಲಿ, ಯಾರು ಬೇಕಾದ್ರೂ ನೋಡ್ಲಿ ಅಂತಾನೇ ಇಟ್ಟಿರೋದು. ಟೆಕ್ಸಾಸ್‌ನ ಪಬ್ಲಿಕ್ ಇನ್ಫರ್ಮೇಷನ್ ಆಕ್ಟ್, ಗೌರ್ನಮೆಂಟ್ ಕೋಡ್‌ನ 552ನೇ ಅಧ್ಯಾಯ, ಅದ್ರ ಪ್ರಕಾರ ಅರೆಸ್ಟ್ ಆದವರ ಬೇಸಿಕ್ ಮಾಹಿತಿನ ಪೊಲೀಸರು ತನಿಖೆ ನೆಪ ಹೇಳಿ ಮುಚ್ಚಿಡೋ ಹಾಗಿಲ್ಲ. ನಿಮಗ್ಯಾಕೆ ಬೇಕು ಅಂತ ಕಾರಣನೂ ಕೇಳೋ ಹಾಗಿಲ್ಲ. ಯಾರನ್ನಾದ್ರೂ ಗುಟ್ಟಾಗಿ ಹಿಡ್ಕೊಂಡು ಹೋಗಿ ಎಲ್ಲಿಟ್ಟಿದೀವಿ ಅಂತ ಹೇಳದೇ ಇರೋ ಪೊಲೀಸ್ ವ್ಯವಸ್ಥೆ ಬೇಡ ಅಂತ ಇಟ್ಕೊಂಡಿರೋ ಪದ್ಧತಿ ಇದು, ಮದುವೆ ಗಂಡು ಹುಡುಕೋಕೆ ಅಂತ ಮಾಡಿದ್ದಲ್ಲ ಅನ್ನೋದು ಬೇರೆ ಮಾತು.

ನಾನು ಹ್ಯೂಸ್ಟನ್‌ನಲ್ಲಿ ಕ್ರಿಮಿನಲ್ ಡಿಫೆನ್ಸ್ ಲಾಯರ್ ಆಫೀಸಲ್ಲಿ ಪ್ಯಾರಾಲೀಗಲ್, ಅಂದ್ರೆ ಲಾಯರ್‌ಗಳ ಸಹಾಯಕಿ, ದಿನಾ ಇದೇ ಪೇಜು ನೋಡೋದು. ಅಣ್ಣ, ನೀವು ನೋಡಿರೋದು ಕತೆಯ ಮೊದಲ ಪುಟ ಅಷ್ಟೆ. ಇಲ್ಲಿ ದಾಖಲೆ ಎರಡು ಕಡೆ ಇರುತ್ತೆ. ಒಂದು ಶೆರಿಫ್ ಕಡೆ. ಕೌಂಟಿ ಜೈಲು ನಡ್ಸೋನು ಶೆರಿಫ್, ಅವನು ಓಟು ಹಾಕಿ ಆರಿಸಿದ ಅಧಿಕಾರಿ. ಒಬ್ಬನ್ನ ಒಳಗೆ ಕರ್ಕೊಂಡು ಬಂದಾಗ ಫೋಟೋ, ಬೆರಳಚ್ಚು, ಹುಟ್ಟಿದ ದಿನ, ಯಾವ ಚಾರ್ಜು, ಬಾಂಡ್ ಎಷ್ಟು, ಯಾವಾಗ ಬಿಟ್ರು, ಇಷ್ಟು ಬರ್ಕೊಳ್ತಾರೆ, ಇದು ಬುಕಿಂಗ್ ರೆಕಾರ್ಡ್. ಇಲ್ಲಿರೋ ಚಾರ್ಜು ಆ ರಾತ್ರಿ ಆ ಪೊಲೀಸಿನವನಿಗೆ ಏನನ್ನಿಸ್ತೋ ಅದು. ಎರಡನೇದು ಕೋರ್ಟ್ ಕ್ಲರ್ಕ್ ಕಡೆ, ಡಿಸ್ಟ್ರಿಕ್ಟ್ ಅಟಾರ್ನಿ, ಅಂದ್ರೆ ಸರ್ಕಾರಿ ವಕೀಲರು, ಕೇಸ್ ಹಾಕಿದ್ರೆ ಮಾತ್ರ ಇದು ಹುಟ್ಟೋದು, ಅದಕ್ಕೊಂದು ಕಾಸ್ ನಂಬರ್ (ಕೋರ್ಟಿನ ಕೇಸ್ ನಂಬರ್) ಬೀಳುತ್ತೆ. ಅರೆಸ್ಟ್ ಆಗಿ ಕೇಸೇ ಹಾಕ್ದೆ ಬಿಟ್ಟಿರೋರು ಬೇಕಾದಷ್ಟು ಜನ ಇದಾರೆ. ಆದ್ರೆ ಕ್ಲಾಸ್ ಎ, ಕ್ಲಾಸ್ ಬಿ ಮಿಸ್‌ಡಿಮೀನರ್‌ಗೆ (ಸಣ್ಣ ಅಪರಾಧ, ಎ ಅಂದ್ರೆ ಬಿಗಿಂತ ದೊಡ್ಡದು) ಕೇಸ್ ಹಾಕೋಕೆ ಸಾಮಾನ್ಯವಾಗಿ 2 ವರ್ಷ ಟೈಮಿದೆ, ಅದಕ್ಕೇ ಇವತ್ತು ಕೇಸ್ ಕಾಣ್ತಿಲ್ಲ ಅಂದ್ರೆ ಮುಗೀತು ಅಂತಲೂ ಅಲ್ಲ. ನಿಮ್ಮದು 2022ರದ್ದು, ಆ ಅವಧಿ ದಾಟಿದೆ, ಹಾಗಾಗಿ ಏನಾಗಿದ್ರೂ ಕ್ಲರ್ಕ್ ಹತ್ರ ಇರ್ಬೇಕು.

ಬಾಂಡ್ 1,000 ಅಂದ್ರೆ ದಂಡ ಅಲ್ಲ, ಜಾಮೀನು. ಕೋರ್ಟಿಗೆ ಬರ್ತೀನಿ ಅನ್ನೋದಕ್ಕೆ ಖಾತ್ರಿ. ಪಕ್ಕದಲ್ಲಿ ಕ್ಯಾಶ್ ಅಂತಿದ್ರೆ ಪೂರ್ತಿ ದುಡ್ಡು ತಾನೇ ಇಟ್ಟಿದಾನೆ, ಕೇಸ್ ಮುಗಿದ್ಮೇಲೆ ವಾಪಸ್ ಬರುತ್ತೆ. ಶ್ಯೂರಿಟಿ ಅಂತಿದ್ರೆ ಬೇಲ್ ಬಾಂಡ್ ಏಜೆಂಟು ನಿಂತಿದಾನೆ, ಅವನಿಗೆ ಹತ್ತಿರ ಹತ್ತಿರ 10% ಕಮಿಷನ್, ಅದು ಹೋಗಿದ್ದು ಹೋಯ್ತು. ಪಿಆರ್ ಅಂತಿದ್ರೆ ದುಡ್ಡೇ ಇಡದೆ ಸಹಿ ಮೇಲೆ ಬಿಟ್ಟಿದಾರೆ.

ಮೊದಲ ಸಲದ ಡಿಡಬ್ಲ್ಯುಐ ಟೆಕ್ಸಾಸಲ್ಲಿ ಕ್ಲಾಸ್ ಬಿ, 180 ದಿನದವರೆಗೆ ಜೈಲು, 2,000 ಡಾಲರ್‌ವರೆಗೆ ದಂಡ. ರಕ್ತದಲ್ಲಿ ಆಲ್ಕೋಹಾಲ್ 0.15 ಇಲ್ಲಾ ಅದಕ್ಕಿಂತ ಜಾಸ್ತಿ ಇದ್ರೆ ಕ್ಲಾಸ್ ಎ. ಕಾನೂನಿನ ಮಿತಿ 0.08. ಅದಕ್ಕೇ ಚಾರ್ಜಿನ ಮುಂದಿರೋ ಅಕ್ಷರ ನೋಡಿ, ಅದ್ರಲ್ಲೇ ಅರ್ಧ ವಿಷಯ ಗೊತ್ತಾಗುತ್ತೆ.

ತುಮಕೂರು_ಅಣ್ಣ:
ತುಂಬಾ ಥ್ಯಾಂಕ್ಸ್ ಮೇಡಂ. ಡೆಂಟನ್ ಕೌಂಟಿ ಸೈಟಿಗೆ ಹೋಗಿ ಹುಡುಕ್ದೆ, ಹೆಸರು ಹಾಕಿದ್ರೆ ಏನೂ ಬರ್ತಿಲ್ಲ. ಬಯೋಡಾಟಾದಲ್ಲಿ ಇರೋ ಹಾಗೇ ಇನಿಷಿಯಲ್ ಸಮೇತ ಹಾಕ್ದೆ.

ಪ್ಲೇನೋ_ಪುಟ್ಟಸ್ವಾಮಿ:
ಇನಿಷಿಯಲ್ ಹಾಕಿದ್ರೆ ಎಲ್ಲಿಂದ ಬರುತ್ತೆ ಸ್ವಾಮಿ. ನಮ್ಮ ಕರ್ನಾಟಕದೋರ ಹೆಸರು ಇಲ್ಲಿ ಸಿಸ್ಟಮಿಗೆ ಹೋದ್ರೆ ಚೆಲ್ಲಾಪಿಲ್ಲಿ. ಅಪ್ಪನ ಹೆಸರು ಲಾಸ್ಟ್ ನೇಮ್ ಆಗಿರುತ್ತೆ, ಕೆಲವರಿಗೆ ಊರಿನ ಹೆಸರೇ ಸರ್‌ನೇಮ್ ಆಗಿರುತ್ತೆ, ಪಾಸ್‌ಪೋರ್ಟಲ್ಲಿ ಒಂದೇ ಹೆಸರಿದ್ದೋರಿಗೆ ವೀಸಾದಲ್ಲಿ ಎಫ್‌ಎನ್‌ಯು ಅಂತ ಹಾಕಿರ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರರ್ಥ, ಆಮೇಲೆ ಡ್ರೈವಿಂಗ್ ಲೈಸೆನ್ಸಲ್ಲೂ ಅದೇ, ಜೈಲ್ ರಿಜಿಸ್ಟರಲ್ಲೂ ಅದೇ. ನನಗೆ ಗೊತ್ತಿರೋ ಒಬ್ಬನ ಅಫೀಶಿಯಲ್ ಫಸ್ಟ್ ನೇಮೇ ಅದು, ಡಾಕ್ಟರ್ ಕ್ಲಿನಿಕ್ಕಲ್ಲಿ ಫ್ನೂ ಅಂತ ಕೂಗ್ತಾರೆ.

ಲಾಸ್ಟ್ ನೇಮಿನ ಮೊದಲ ಮೂರ್ನಾಲ್ಕು ಅಕ್ಷರ ಮಾತ್ರ ಹಾಕಿ. ಫಸ್ಟ್ ನೇಮು ಲಾಸ್ಟ್ ನೇಮು ತಿರುಗುಮುರುಗು ಮಾಡಿ ನೋಡಿ. ಶಿವ ಅನ್ನೋದಕ್ಕೆ ವಿ ಹಾಕಿರ್ತಾರೋ ಡಬ್ಲ್ಯು ಹಾಕಿರ್ತಾರೋ, ಎಸ್ ನಂತರ ಎಚ್ ಇದ್ಯೋ ಇಲ್ವೋ, ಎಲ್ಲಾ ಟ್ರೈ ಮಾಡಿ. ಹುಟ್ಟಿದ ದಿನ ಜಾತಕದಲ್ಲಿದ್ಯಲ್ಲ, ಅದನ್ನ ತಾಳೆ ನೋಡಿ, ಹೆಸರು ಮಾತ್ರ ನೋಡಿ ಇವನೇ ಅನ್ಬೇಡಿ. ಜಾತಕದ ತಾರೀಖು ಮತ್ತೆ ಸ್ಕೂಲ್ ಸರ್ಟಿಫಿಕೇಟ್ ತಾರೀಖು ಬೇರೆ ಬೇರೆ ಇದ್ರೆ ಪಾಸ್‌ಪೋರ್ಟಲ್ಲಿರೋದು ಸ್ಕೂಲಿಂದು.

ಇನ್ನೊಂದು, ಜೈಲ್ ರೆಕಾರ್ಡ್ ಬೇರೆ, ಕ್ರಿಮಿನಲ್ ಕೇಸ್ ರೆಕಾರ್ಡ್ ಬೇರೆ ಕಡೆ ಹುಡುಕ್ಬೇಕು. ನಿಮಗೆ ಬೇಕಿರೋದು ಎರಡನೇದು. ಕ್ಲಾಸ್ ಎ, ಬಿ ಆದ್ರೆ ಸುಮಾರು ಕೌಂಟಿಗಳಲ್ಲಿ ಕೌಂಟಿ ಕ್ಲರ್ಕು, ಫೆಲನಿ (ದೊಡ್ಡ ಅಪರಾಧ) ಆದ್ರೆ ಡಿಸ್ಟ್ರಿಕ್ಟ್ ಕ್ಲರ್ಕು, ಸಿ ಆದ್ರೆ ಮುನಿಸಿಪಲ್ ಕೋರ್ಟು ಇಲ್ಲಾ ಜೆಪಿ (ಜಸ್ಟಿಸ್ ಆಫ್ ದಿ ಪೀಸ್) ಕೋರ್ಟು. ಟೆಕ್ಸಾಸಲ್ಲಿ 254 ಕೌಂಟಿ, ಒಂದೊಂದರ ಸೈಟೂ ಒಂದೊಂದು ಥರ.

ಕಡಲ_ಕರೆ:
ಒಂದು ವಿಷಯ ಸೇರಿಸ್ತೇನೆ. ಹೆಸರಿನ ಗೊಂದಲದಲ್ಲಿ ನಾನೇ ಸಿಕ್ಕಿ ಬಿದ್ದಿದ್ದೆ ಮಾರಾಯ್ರೆ. ಬಾಡಿಗೆ ಮನೆಗೆ ಅಪ್ಲೈ ಮಾಡಿದಾಗ ಬ್ಯಾಕ್‌ಗ್ರೌಂಡ್ ಚೆಕ್ಕಲ್ಲಿ ಕಳ್ಳತನದ ಕೇಸ್ ಉಂಟು ಅಂತ ಬಂತು, ನನ್ನದೇ ಹೆಸರು, ನನ್ನದೇ ಅಪ್ಪನ ಹೆಸರು, ಹುಟ್ಟಿದ ವರ್ಷ ಮಾತ್ರ ಬೇರೆ. ಅಪಾರ್ಟ್‌ಮೆಂಟಿನವರು ಮುಖ ಕೊಟ್ಟು ಮಾತೇ ಆಡ್ಲಿಲ್ಲ. ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆಕ್ಟ್ ಅಂತ ಒಂದು ಕಾನೂನು ಉಂಟಲ್ಲ, ಅದರ ಕೆಳಗೆ ರಿಪೋರ್ಟ್ ಕೊಟ್ಟ ಕಂಪನಿಗೆ ಡಿಸ್ಪ್ಯೂಟ್ ಹಾಕಿದ ಮೇಲೆ ಸರಿ ಮಾಡಿದ್ರು, ಅಷ್ಟರಲ್ಲಿ ಮನೆ ಬೇರೆಯವರಿಗೆ ಹೋಗಿತ್ತು. ಅದೇ ಕಾನೂನಲ್ಲಿ ಶಿಕ್ಷೆಯಾಗದ ಹಳೇ ಅರೆಸ್ಟನ್ನ 7 ವರ್ಷದ ನಂತರ ರಿಪೋರ್ಟ್ ಮಾಡಬಾರದು ಅಂತಲೂ ಉಂಟು, ಆದ್ರೆ 75,000 ಡಾಲರ್ ಇಲ್ಲಾ ಅದಕ್ಕಿಂತ ಜಾಸ್ತಿ ಸಂಬಳದ ಕೆಲಸಕ್ಕೆ ಆ ಮಿತಿ ಇಲ್ಲ, ನಮ್ಮ ಐಟಿಯವರಲ್ಲಿ ಹೆಚ್ಚಿನವರಿಗೆ ಅದು ಉಪಯೋಗಕ್ಕೆ ಬರೂದಿಲ್ಲ.

ತುಮಕೂರು_ಅಣ್ಣ:
ಸಿಕ್ತು. ಫಸ್ಟ್ ಲಾಸ್ಟ್ ಉಲ್ಟಾ ಹಾಕಿದ್ಮೇಲೆ ಬಂತು. ಹುಟ್ಟಿದ ದಿನ ಸರಿಯಾಗಿ ಹೊಂದುತ್ತೆ, ಅವನೇ.

ಆದ್ರೆ ಈಗ ಇನ್ನೂ ತಲೆ ಕೆಡ್ತಿದೆ. ಬುಕಿಂಗಲ್ಲಿ ಡಿಡಬ್ಲ್ಯುಐ ಅಂತಿದೆ. ಕೇಸ್ ಪೇಜಿಗೆ ಹೋದ್ರೆ ಅಬ್‌ಸ್ಟ್ರಕ್ಟ್ ಹೈವೇ ಪ್ಯಾಸೇಜ್‌ವೇ ಅಂತಿದೆ, ಅದ್ರ ಮುಂದೆ ಮಿಸ್‌ಡಿಮೀನರ್ ಬಿ. ಹೈವೇ ತಡೆದ ಅಂದ್ರೆ ಏನ್ರೀ, ಅಲ್ಲಿ ಏನಾದ್ರೂ ರಸ್ತೆತಡೆ ಚಳುವಳಿ ಮಾಡಿದ್ನಾ? ಇದು ಎರಡನೇ ಕೇಸಾ? ಕೆಳಗೆ ಸಾಲಾಗಿ ಏನೇನೋ ಇದೆ, ಇನ್ಫರ್ಮೇಷನ್ ಫೈಲ್ಡ್, ಅಟಾರ್ನಿ ಅಪಿಯರ್ಡ್, ರೀಸೆಟ್, ರೀಸೆಟ್, ರೀಸೆಟ್, ಪ್ಲೀ, ಡಿಫರ್ಡ್ ಅಡ್ಜುಡಿಕೇಷನ್, ಕೊನೇಗೆ ಡಿಸ್ಮಿಸ್ಡ್.

ವಕೀಲರ_ಮಗಳು:
ಚಳುವಳಿ ಅಲ್ಲ 😄 ಟೆಕ್ಸಾಸಲ್ಲಿ ಕ್ರಿಮಿನಲ್ ಲಾಯರ್‌ಗಳ ಹತ್ರ ಕೆಲಸ ಮಾಡೋರಿಗೆ ಇದನ್ನ ನೋಡಿದ ತಕ್ಷಣ ಗೊತ್ತಾಗುತ್ತೆ. ಡಿಡಬ್ಲ್ಯುಐ ಕೇಸ್ ಸ್ವಲ್ಪ ವೀಕ್ ಇದ್ದಾಗ, ಇಲ್ಲಾ ಮೊದಲ ಸಲ, ಆಕ್ಸಿಡೆಂಟ್ ಆಗಿಲ್ಲ ಅಂದಾಗ, ಲಾಯರು ಪ್ರಾಸಿಕ್ಯೂಟರ್ ಜೊತೆ ಮಾತಾಡಿ ಚಾರ್ಜನ್ನ ಹೈವೇ ಅಡ್ಡಗಟ್ಟಿದ್ದು ಅಂತ ಇಳಿಸ್ಕೊಳ್ತಾರೆ. ಯಾರೂ ಯಾವ ಹೈವೇನೂ ಅಡ್ಡಗಟ್ಟಿರಲ್ಲ. ಆಮೇಲೆ ಅದಕ್ಕೆ ತಪ್ಪೊಪ್ಪಿಗೆ ಕೊಟ್ಟು ಡಿಫರ್ಡ್ ತಗೊಳ್ತಾರೆ, ಅಂದ್ರೆ ಜಡ್ಜು ಅಪರಾಧಿ ಅಂತ ತೀರ್ಪು ಕೊಡದೆ ಪ್ರೊಬೇಷನ್ ಮೇಲೆ ಇಡ್ತಾರೆ, ಕ್ಲಾಸು ಫೀಸು ಸಮಾಜಸೇವೆ ಇರುತ್ತೆ, ತೊಂದರೆಯಿಲ್ಲದೆ ಮುಗಿಸಿದ್ರೆ ಕೇಸ್ ಡಿಸ್ಮಿಸ್. ಇವನು ಮುಗ್ಸಿದಾನೆ.

ರೀಸೆಟ್ ರೀಸೆಟ್ ಅಂತಿರೋದು ಮುಂದಿನ ತಾರೀಖು ತಗೊಂಡಿದ್ದು, ನಮ್ಮಲ್ಲಿ ವಾಯಿದೆ ತಗೊಳ್ಳೋ ಹಾಗೆ, ಅದ್ರಲ್ಲಿ ಗಾಬರಿ ಬೀಳೋದೇನಿಲ್ಲ. ಇನ್ಫರ್ಮೇಷನ್ ಅಂದ್ರೆ ಸಣ್ಣ ಕೇಸಿನ ಚಾರ್ಜ್‌ಶೀಟು. ದೊಡ್ಡ ಕೇಸಾಗಿದ್ರೆ ಇಂಡೈಟ್‌ಮೆಂಟ್ ಅಂತ ಇರ್ತಿತ್ತು, ಕೇಸ್ ನಡೀಬೇಕಾ ಅಂತ ನಿರ್ಧರಿಸೋ ನಾಗರಿಕರ ಗ್ರ್ಯಾಂಡ್ ಜ್ಯೂರಿ ಒಪ್ಪದಿದ್ರೆ ನೋ ಬಿಲ್ ಅಂತ. ಪಟ್ಟಿ ಮಧ್ಯ ಕೇಪಿಯಸ್ ಅಂತ ಏನಾದ್ರೂ ಇದ್ಯಾ ನೋಡಿ, ಅದಿದ್ರೆ ವಾರಂಟ್ ಬಿದ್ದಿತ್ತು ಅಂತ, ಎಷ್ಟೋ ಸಲ ಕೋರ್ಟಿಗೆ ಹೋಗದೇ ಇದ್ದಿದ್ದಕ್ಕೆ. ಇಡೀ ಪುಟದಲ್ಲಿ ಮನುಷ್ಯ ಹೇಗೆ ಅಂತ ಸ್ವಲ್ಪನಾದ್ರೂ ಹೇಳೋ ಸಾಲು ನನ್ನ ಪ್ರಕಾರ ಅದೇ.

ತುಮಕೂರು_ಅಣ್ಣ:
ಕೇಪಿಯಸ್ ಇಲ್ಲ. ಎಲ್ಲಾ ತಾರೀಖಿಗೂ ಹೋಗಿರೋ ಹಾಗೆ ಕಾಣುತ್ತೆ.

ಬೇ_ಏರಿಯಾ_ಭಟ್ಟ:
ಅಷ್ಟೇ ಅಲ್ವಾ ಹಾಗಾದ್ರೆ, ಡಿಸ್ಮಿಸ್ ಆಯ್ತು ಅಂದ್ರೆ ಕ್ಲೀನ್. ಗ್ರೀನ್ ಕಾರ್ಡಿಗೂ ವೀಸಾಗೂ ಏನೂ ತೊಂದ್ರೆ ಇಲ್ಲ. ದಾಖಲೆ ಸೀಲ್ ಮಾಡಿಸಿ ಮುಚ್ಚಿಸ್ಬಿಟ್ರೆ ಎಲ್ಲೂ ಹೇಳೋದೇ ಬೇಡ.

ವಕೀಲರ_ಮಗಳು:
ಭಟ್ರೇ, ಹೀಗೆ ಹೇಳಿನೇ ಜನ ಹಾಳಾಗೋದು. ಟೆಕ್ಸಾಸ್ ಕಾನೂನಿಗೆ ಇದು ಕನ್ವಿಕ್ಷನ್ ಅಲ್ಲ, ಇಮಿಗ್ರೇಷನ್ ಕಾನೂನಿಗೆ ಹೌದು. ತಪ್ಪೊಪ್ಕೊಂಡು ಜಡ್ಜು ಯಾವುದಾದ್ರೂ ಷರತ್ತು ಹಾಕಿದ್ರೆ ಸಾಕು, ಆಮೇಲೆ ಡಿಸ್ಮಿಸ್ ಆದ್ರೂ ಅವರ ಲೆಕ್ಕದಲ್ಲಿ ಅದು ಕನ್ವಿಕ್ಷನ್ನೇ. ಡಿಎಸ್-160 ಅನ್ನೋ ವೀಸಾ ಫಾರ್ಮಲ್ಲಿ ಯಾವತ್ತಾದ್ರೂ ಅರೆಸ್ಟ್ ಆಗಿದೀರಾ ಅಂತ ಕೇಳ್ತಾರೆ, ಸಿಟಿಜನ್‌ಶಿಪ್ ಫಾರ್ಮಲ್ಲೂ ಕೇಳ್ತಾರೆ. ಸೀಲ್ ಆಗಿದೆ ಅಂತ ಇಲ್ಲ ಅಂದ್ರೆ, ಬೆರಳಚ್ಚು ಎಫ್‌ಬಿಐ ಹತ್ರ ಇರುತ್ತೆ, ಮೂಲ ಕೇಸಿಗಿಂತ ಸುಳ್ಳು ಹೇಳಿದ್ದೇ ದೊಡ್ಡ ಕೇಸಾಗುತ್ತೆ. ಅದಕ್ಕೇ ವಲಸೆ ಬಂದಿರೋರಿಗೆ ತಪ್ಪೊಪ್ಪಿಗೆಯಿಂದ ಗಡಿಪಾರಿನ ಅಪಾಯ ಇದ್ರೆ ಕ್ರಿಮಿನಲ್ ಲಾಯರು ಮೊದ್ಲೇ ಹೇಳ್ಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಪಡೀಯಾ ಕೇಸಲ್ಲಿ ಹೇಳಿದೆ.

ಹಾಗಂತ ಹೆದರಿಸ್ತಿಲ್ಲ. ಒಂದು ಸಾದಾ ಡಿಡಬ್ಲ್ಯುಐಗೆ ದೇಶ ಬಿಡ್ಸೋದು ಸಾಮಾನ್ಯವಾಗಿ ಇಲ್ಲ. ಸೀಲ್ ವಿಷಯಕ್ಕೆ ಬಂದ್ರೆ, ಕ್ಲಾಸ್ ಬಿ ಕೇಸಲ್ಲಿ ಡಿಫರ್ಡ್ ತಗೊಂಡೋರಿಗೆ ಎಕ್ಸ್‌ಪಂಕ್ಷನ್, ಅಂದ್ರೆ ದಾಖಲೆ ಪೂರ್ತಿ ಅಳಿಸೋದು, ಸಿಗಲ್ಲ. ನಾನ್‌ಡಿಸ್‌ಕ್ಲೋಷರ್ ಅಂತ ಸಿಗ್ಬಹುದು, ಅದಾದ್ಮೇಲೆ ನಮ್ಮಂಥೋರಿಗೆ ಕಾಣಲ್ಲ, ಪೊಲೀಸರಿಗೆ ಮತ್ತೆ ಕೆಲವು ಸರ್ಕಾರಿ ಇಲಾಖೆಗೆ ಕಾಣುತ್ತೆ. ಇವನು ಅದನ್ನ ಮಾಡ್ಸಿಲ್ಲ, ಅದಕ್ಕೇ ನಿಮಗೆ ಸಿಕ್ಕಿದ್ದು. ಮಾಡಿಸಿದ್ರೂ ಆ ಖಾಸಗಿ ಸೈಟಿನೋರಿಗೆ ಬೇರೆಯಾಗಿ ನೋಟಿಸ್ ಕೊಡ್ಬೇಕು. ಟೆಕ್ಸಾಸಲ್ಲಿ 2013ರಿಂದ ಒಂದು ಕಾನೂನಿದೆ, ಇಂಥ ದಾಖಲೆ ಹಾಕಿ ತೆಗೆಯೋದಕ್ಕೆ ದುಡ್ಡು ಕೇಳೋ ಸೈಟುಗಳಿಗೆ ಅಂತಾನೇ ಮಾಡಿದ್ದು, ಅಳಿಸಿದ ಇಲ್ಲಾ ನಾನ್‌ಡಿಸ್‌ಕ್ಲೋಷರ್ ಆದ ದಾಖಲೆನ ನೋಟಿಸ್ ಬಂದ್ಮೇಲೂ ಅವರು ತೋರ್ಸೋ ಹಾಗಿಲ್ಲ.

ರೊಟ್ಟಿ_ಶೇಂಗಾಚಟ್ನಿ:
ಅಕ್ಕಾರ, ಹಂಗಾರ ಏನೂ ಸಿಗಲಿಲ್ಲ ಅಂದ್ರ ಹುಡುಗ ಛಲೋ ಅನ್ನೂ ಹಂಗಿಲ್ಲ, ಸಿಕ್ತು ಅಂದ್ರ ಕೆಟ್ಟಾಂವ ಅನ್ನೂ ಹಂಗೂ ಇಲ್ಲ. ಮತ್ತ ಇಷ್ಟೆಲ್ಲಾ ಯಾಕ ಹುಡುಕಬೇಕು?

ವಕೀಲರ_ಮಗಳು:
ಮುಂದೆ ಏನು ಪ್ರಶ್ನೆ ಕೇಳ್ಬೇಕು ಅಂತ ಗೊತ್ತಾಗುತ್ತಲ್ಲ. ಮಾವ ಕೇಳ್ತಿದ್ದ ಪ್ರಶ್ನೆ ಕುಡುಕನಾ ಅಂತ, ಅದಕ್ಕೆ ಯಾವ ಕೌಂಟಿ ದಾಖಲೆಯಲ್ಲೂ ಉತ್ತರ ಇಲ್ಲ.

ಹಳೇ_ಪ್ರಾಸಿಕ್ಯೂಷನ್:
ಮೈಸೂರಿಂದ ಬರೀತಿದೀನಿ, ರಿಟೈರ್ಡ್. ನಮ್ಮಲ್ಲೂ ಇದು ಪೂರ್ತಿ ಗುಟ್ಟೇನಲ್ಲ, ಜನಕ್ಕೆ ಗೊತ್ತಿಲ್ಲ ಅಷ್ಟೆ. 2016ರಲ್ಲಿ ಸುಪ್ರೀಂ ಕೋರ್ಟು ಎಫ್‌ಐಆರ್‌ಗಳನ್ನ ಸಾಮಾನ್ಯವಾಗಿ 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕ್ಬೇಕು ಅಂತು, ಲೈಂಗಿಕ ಅಪರಾಧದಂಥ ಸೂಕ್ಷ್ಮ ಕೇಸು ಬಿಟ್ಟು. ಹೊಸ ಬಿಎನ್‌ಎಸ್‌ಎಸ್‌ನ (ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 37ನೇ ಕಲಮಿನಲ್ಲಿ ಬಂಧಿತರ ಹೆಸರು ವಿಳಾಸ ಅಪರಾಧದ ಸ್ವರೂಪ ಠಾಣೆಯಲ್ಲಿ ಎದ್ದು ಕಾಣೋ ಹಾಗೆ ಹಾಕ್ಬೇಕು ಅಂತಿದೆ, ಡಿಜಿಟಲ್ ರೂಪದಲ್ಲೂ. ಕೇಸ್ ಎಲ್ಲಿಗೆ ಬಂತು ಅಂತ ಇ-ಕೋರ್ಟ್ಸ್‌ನಲ್ಲಿ ನೋಡ್ಬಹುದು. ಹುಡುಗಿ ಕಡೆಯವರು ಅಮೆರಿಕದ ಹುಡುಗನ್ನ ಹುಡುಕ್ತಾರೆ, ಇಲ್ಲೇ ಬೆಂಗಳೂರಲ್ಲಿರೋ ಹುಡುಗನ್ನ ಯಾಕೆ ಹುಡುಕಲ್ಲ ಅಂತ ನನಗೆ ಆಶ್ಚರ್ಯ.

ಆಸ್ಟಿನ್_ಅಮ್ಮಣ್ಣಿ:
ಒಂದು ಪ್ರಾಕ್ಟಿಕಲ್ ವಿಷಯ ಯಾರೂ ಹೇಳ್ತಿಲ್ಲ. ಮದುವೆ ಇಂಡಿಯಾದಲ್ಲಿ ತಾನೇ? ಹುಡುಗ ಎಚ್1ಬಿ (ಕೆಲಸದ ವೀಸಾ) ಆಗಿದ್ರೆ ವೀಸಾ ಸ್ಟ್ಯಾಂಪಿಂಗ್, ಅಂದ್ರೆ ಕಾನ್ಸುಲೇಟಲ್ಲಿ ಪಾಸ್‌ಪೋರ್ಟಿಗೆ ವೀಸಾ ಹಾಕ್ಸೋದು, ಅದರ ಬಗ್ಗೆ ಕೇಳಿ. 2015ರ ಆಚೆಗೆ ಕುಡಿದು ಗಾಡಿ ಓಡ್ಸಿದ ಅರೆಸ್ಟ್ ಆದ್ರೆ ಸ್ಟೇಟ್ ಡಿಪಾರ್ಟ್‌ಮೆಂಟಿನೋರು ವೀಸಾ ಕ್ಯಾನ್ಸಲ್ ಮಾಡ್ಬಹುದು, ಕೋರ್ಟಲ್ಲಿ ಏನಾಯ್ತು ಅಂತ ಕಾಯಲ್ಲ, ಬರೀ ಅರೆಸ್ಟ್ ಸಾಕು. ಅಮೆರಿಕದ ಒಳಗಿರೋವರೆಗೆ ಸ್ಟೇಟಸ್‌ಗೆ ಅದರಿಂದಲೇ ಧಕ್ಕೆ ಇಲ್ಲ, ಕೆಲಸ ಮಾಡ್ಕೊಂಡಿರ್ಬಹುದು, ಎಷ್ಟೋ ಜನಕ್ಕೆ ಇಮೇಲ್ ಬಂದ್ರೂ ಏನೋ ಸ್ಪ್ಯಾಮು ಅಂತ ಬಿಟ್ಟಿರ್ತಾರೆ. ದೇಶ ಬಿಟ್ಟು ಹೊರಗೆ ಬಂದ್ರೆ ಹೊಸ ವೀಸಾ ಇಲ್ದೆ ವಾಪಸ್ ಹೋಗೋ ಹಾಗಿಲ್ಲ. 5 ವರ್ಷದೊಳಗಿನ ಅರೆಸ್ಟ್ ಇದ್ರೆ ಕಾನ್ಸುಲೇಟಿನೋರು ಅವರ ಪ್ಯಾನೆಲ್ ಡಾಕ್ಟರ್ ಹತ್ರ ಕಳಿಸ್ತಾರೆ, ಕುಡಿತದ ಚಟ ಇದ್ಯಾ ಅಂತ ಪರೀಕ್ಷೆಗೆ, ಆ ರಿಪೋರ್ಟ್ ಹೋಗಿ ವೀಸಾ ಬರೋವರೆಗೆ ಕಾಯ್ಬೇಕು. ಹುಡುಗಿಗೆ ಎಚ್4 (ಎಚ್1ಬಿಯವರ ಹೆಂಡತಿಗೆ ಸಿಗೋ ವೀಸಾ) ಆಗ್ಬೇಕಂದ್ರೆ ಇವನದ್ದು ಮೊದ್ಲು ಸರಿ ಇರ್ಬೇಕು. ನನ್ನ ಕಸಿನ್ ಮದುವೆ ಆಗಿ ಚೆನ್ನೈಯಲ್ಲಿ ಸ್ಟ್ಯಾಂಪಿಂಗ್‌ಗೆ ಕಾಯ್ತಾ ಕಾಯ್ತಾ ಆಷಾಢನೂ ಕಳೀತು, ಆಫೀಸಿನೋರ ರಜಾನೂ ಮುಗೀತು.

ಅದಕ್ಕೇ ಕೋರ್ಟಿಂದ ಸರ್ಟಿಫೈಡ್ ಡಿಸ್ಪೊಸಿಷನ್, ಅಂದ್ರೆ ಕೇಸ್ ಕೊನೇಗೆ ಏನಾಯ್ತು ಅನ್ನೋ ಕಾಗದ, ಇದ್ಯಾ ಅಂತ ಕೇಳಿ. ಕೋರ್ಟಿನ ಮೊಹರು ಹಾಕಿದ ಕಾಪಿ, ಕ್ಲರ್ಕ್ ಕೌಂಟರಲ್ಲಿ ಪುಟಕ್ಕೆ ಇಷ್ಟು ಅಂತ ಕೊಟ್ರೆ ಸಿಗುತ್ತೆ. ಎಕ್ಸ್‌ಪಂಜ್ ಸಿಗೋ ಕೇಸಾದ್ರೂ ಅದಕ್ಕೆ ಮೊದ್ಲು ಇದನ್ನ ತೆಗೆದಿಟ್ಕೋಬೇಕು, ಆಮೇಲೆ ಕೋರ್ಟಿನವರ ಹತ್ರಾನೇ ಇರಲ್ಲ, ಇಮಿಗ್ರೇಷನ್ನಿನವರು ಮಾತ್ರ ಕೇಳ್ತಾನೇ ಇರ್ತಾರೆ.

ತುಮಕೂರು_ಅಣ್ಣ:
ಇದನ್ನೆಲ್ಲಾ ತಂಗಿಗೆ ಓದಿ ಹೇಳ್ದೆ. ಅವಳು ಮಾವನ ಹತ್ರನೂ ನನ್ನ ಹತ್ರನೂ ಮಾತಾಡ್ದೆ ಸೀದಾ ಹುಡುಗನಿಗೇ ಫೋನ್ ಮಾಡಿದಾಳೆ. ಅವನು ಬಚ್ಚಿಡ್ಲಿಲ್ಲವಂತೆ, ಮೊದಲ ಭೇಟೀಲೇ ಹೇಳೋಣ ಅಂದ್ಕೊಂಡಿದ್ದೆ, ಅಪ್ಪ ಅಮ್ಮ ಬೇಡ ಅಂದ್ರು ಅಂತ. ಡಿಸ್ಪೊಸಿಷನ್ ಕಾಪಿ ವಾಟ್ಸಾಪಲ್ಲಿ ಕಳಿಸಿದಾನೆ, ಕೌಂಟಿ ಸೈಟಲ್ಲಿದ್ದ ಕಾಸ್ ನಂಬರೇ ಇದೆ. ವೀಸಾ ಕ್ಯಾನ್ಸಲ್ ಆಗಿರೋದು ನಿಜ, 2023ರಿಂದ ಊರಿಗೇ ಬಂದಿಲ್ಲ. ಅಜ್ಜಿ ತೀರ್ಕೊಂಡಾಗ ಯಾಕೆ ಬರ್ಲಿಲ್ಲ ಅಂತ ನೆಂಟರೆಲ್ಲಾ ಆಡ್ಕೊಂಡಿದ್ರು, ಇದಂತೆ ಕಾರಣ. ತಂಗಿ ಇನ್ನೂ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಸ್ಟ್ಯಾಂಪಿಂಗ್ ಆದ್ಮೇಲೆ ಮುಹೂರ್ತ ನೋಡೋಣ ಅಂತಿದಾಳೆ, ಅಮ್ಮ ಮುಹೂರ್ತ ಇಟ್ಮೇಲೆ ಸ್ಟ್ಯಾಂಪಿಂಗ್ ಮಾಡ್ಸ್ಲಿ ಅಂತಿದಾರೆ.

ರೊಟ್ಟಿ_ಶೇಂಗಾಚಟ್ನಿ:
ತಂಗಿ ಶಾಣ್ಯಾ ಅದಾಳ ನೋಡ್ರಿ. ಆಕಿ ಮಾತು ಕೇಳ್ರಿ, ಅಮ್ಮಾರ್ದು ಬಿಡ್ರಿ.

ಸನ್ನಿವೇಲ್_ಸಾವಿತ್ರಿ:
ಥ್ರೆಡ್ ಓದಿ ನನಗೂ ಒಂದು ಡೌಟು. ಸ್ಯಾಂಟಾ ಕ್ಲಾರಾ ಕೌಂಟೀಲೂ ಹೀಗೇ ಮನೇಲಿ ಕೂತ್ಕೊಂಡು ಎಲ್ಲಾ ನೋಡ್ಬಹುದಾ? ಪಕ್ಕದ ಮನೆಗೆ ಬಾಡಿಗೆಗೆ ಬರ್ತಿರೋನ ಬಗ್ಗೆ ಸ್ವಲ್ಪ ನೋಡ್ಬೇಕಿತ್ತು.

ವಕೀಲರ_ಮಗಳು:
ಕ್ಯಾಲಿಫೋರ್ನಿಯಾ ಬೇರೆ ಕತೆ ಅಕ್ಕ. ಈಗ ಜೈಲಲ್ಲಿ ಇರೋರನ್ನ ಶೆರಿಫ್ ಸೈಟಲ್ಲಿ ಹುಡುಕ್ಬಹುದು, ಆದ್ರೆ ಕ್ರಿಮಿನಲ್ ಕೇಸಿನ ಕಾಗದಪತ್ರ ಸಾರ್ವಜನಿಕರಿಗೆ ಆನ್‌ಲೈನಲ್ಲಿ ತೆರೆಯಲ್ಲ, ಕೋರ್ಟಿಗೇ ಹೋಗಿ ಅಲ್ಲಿರೋ ಕಂಪ್ಯೂಟರಲ್ಲಿ ನೋಡ್ಬೇಕು, ಇಂಡೆಕ್ಸು ಕ್ಯಾಲೆಂಡರಷ್ಟೇ ಹೊರಗಿಂದ ಕಾಣೋದು. ಹುಟ್ಟಿದ ದಿನ ಹಾಕಿ ಹುಡುಕೋದನ್ನ 2021ರಲ್ಲಿ ಅಲ್ಲಿನ ಅಪೀಲ್ ಕೋರ್ಟೇ ಬೇಡ ಅಂದಿದೆ, ಹಾಗಾಗಿ ಒಂದೇ ಹೆಸರಿನ ಹತ್ತು ಜನ ಸಿಕ್ಕಿದ್ರೆ ಯಾರು ಯಾವನು ಅಂತ ಬೇರೆ ಮಾಡೋದು ಕಷ್ಟ. ಮತ್ತೆ ಬಾಡಿಗೆಗೆ ಬರೋನು ನಿಮ್ಮ ಮನೆಗಲ್ಲ ತಾನೇ, ಅದು ಆ ಓನರ್ ನೋಡ್ಕೊಳ್ತಾರೆ ಬಿಡಿ.

ಸನ್ನಿವೇಲ್_ಸಾವಿತ್ರಿ:
ಓನರ್ ನಮ್ಮ ನಾದಿನೀನೇ ಕಣಮ್ಮ, ಅದಕ್ಕೇ ಕೇಳಿದ್ದು.

ವಕೀಲರ_ಮಗಳು:
ಹಾಗಾದ್ರೆ ಅವರಿಗೆ ಹೇಳಿ, ಬರೋನಿಂದ ಬರವಣಿಗೇಲಿ ಒಪ್ಪಿಗೆ ತಗೊಂಡು ಸರಿಯಾದ ಟೆನೆಂಟ್ ಸ್ಕ್ರೀನಿಂಗ್ ಮಾಡಿಸ್ಲಿ. ಶಿಕ್ಷೆಯಾಗದ ಅರೆಸ್ಟ್ ನೋಡಿ ಮನೆ ಕೊಡಲ್ಲ ಅನ್ನೋ ಹಾಗಿಲ್ಲ ಕ್ಯಾಲಿಫೋರ್ನಿಯಾದಲ್ಲಿ, ಅದನ್ನೂ ಹೇಳಿ.